ಕೌಲಾಲಂಪುರದಲ್ಲಿ ಉಳಿದ ಮಡಿಲಕ್ಕಿ

ಕಳೆದ ತಿಂಗಳು ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ, ಒಂದು ಕಸದ ಡಬ್ಬಿಗೆ, ನಮ್ಮ ಮನೆಯ ಅಕ್ಕಿಯನ್ನು ಕೈಯಾರೆ ಹಾಕಿ ಬಂದೆ.

ಅಕ್ಕಿ ಕೆಟ್ಟಿರಲಿಲ್ಲ. ಹುಳ ಬಿದ್ದಿರಲಿಲ್ಲ. ತೂಕ ಜಾಸ್ತಿಯಾಗಿತ್ತು, ಅಷ್ಟೇ.

ಇದನ್ನು ಬರೆಯಲೋ ಬೇಡವೋ ಎಂದು ಒದ್ದಾಡುತ್ತಾ ಇಷ್ಟು ದಿನ ಈ ಅಂಕಣದಲ್ಲಿ ನಿಮಗೆ ಫುಟ್‌ಪಾತು, ಬೀದಿನಾಯಿ, ಫಿಲ್ಟರ್ ಕಾಫಿ ಎಂದು ಏನೇನೋ ಬಡಿಸಿದೆ. (ಕಾಫಿ ಬಗ್ಗೆ ಬರೆದದ್ದನ್ನು ತುಂಬಾ ಜನ ಮೆಚ್ಚಿದಿರಿ. ಅದನ್ನು ಬರೆಯುವಾಗ ನನ್ನ ಮನಸ್ಸು ಅಲ್ಲಿರಲೇ ಇಲ್ಲ.) ಇನ್ನು ಮುಂದೂಡಲು ಆಗುತ್ತಿಲ್ಲ. ಹೇಳಿಬಿಡುತ್ತೇನೆ.

ನನ್ನ ಅಕ್ಕ ಜಯಮ್ಮ ವಿಯೆಟ್ನಾಮಿನಲ್ಲಿದ್ದಾಳೆ. ಅಲ್ಲೇನು ಕೆಲಸ ಎಂದು ಕೇಳಬೇಡಿ, ಭಾವನದ್ದು ರೇಷ್ಮೆ ನೂಲಿನ ವ್ಯಾಪಾರ. ಮೊದಲು ಮಾಮೂಲ್‌ಪೇಟೆಯ ಹತ್ತಿರ ಅಂಗಡಿ ಇಟ್ಟಿದ್ದರು. ಕ್ರಮೇಣ ನೂಲೆಲ್ಲ ಆ ಕಡೆಯಿಂದಲೇ ಬರಲು ಶುರುವಾದಾಗ, ನೂಲು ಬರುವ ಜಾಗಕ್ಕೇ ಹೋಗಿ ಕೂತರೆ ಹೇಗೆ ಎಂದು ಯೋಚಿಸಿ ಹೋಗಿಯೇಬಿಟ್ಟರು. ಅಲ್ಲಿನ ಒಂದು ಬೆಟ್ಟದೂರಿನಲ್ಲಿ ಮನೆ ಮಾಡಿದ್ದಾರೆ. ರಾಮನಗರ, ಚನ್ನಪಟ್ಟಣದ ಕಡೆಯಿಂದ ಇದೇ ಕಸುಬಿಗೆ ಹೋದ ಇನ್ನೂ ಕೆಲವು ಕುಟುಂಬಗಳು ಅಲ್ಲಿವೆ.

ಅಕ್ಕ ಎಲ್ಲಿದ್ದರೂ ಗೌರಿ ಹಬ್ಬಕ್ಕೆ ಚಾಮರಾಜಪೇಟೆಗೆ ಬರುತ್ತಾಳೆ. ಅಪ್ಪ ಅಮ್ಮ ಹೋದ ಮೇಲೂ ಬರುವುದನ್ನು ಬಿಟ್ಟಿಲ್ಲ. ಭಾವ ನೇರ ವಿಮಾನದ ಟಿಕೆಟ್ಟು ಮಾಡಿಸುತ್ತಾರೆ. ಬರುತ್ತಾಳೆ, ಬಾಗಿನ ತಗೊಳ್ಳುತ್ತಾಳೆ, ನಮ್ಮನ್ನೆಲ್ಲ ಒಂದು ಸುತ್ತು ಬೈಯುತ್ತಾಳೆ, ಹೋಗುತ್ತಾಳೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಈ ವರ್ಷ ನಾನು ತಲೆ ಹಾಕಿದೆ.

ಅಗ್ಗದ ವಿಮಾನಗಳ ಬಗ್ಗೆ ನಾನು ಇಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ ಎಂದು ಹಳೆಯ ಓದುಗರಿಗೆ ಗೊತ್ತು. ಯಾವ ವಾರ ಬುಕ್ ಮಾಡಬೇಕು, ಯಾವ ಸೀಟಿಗೆ ದುಡ್ಡು ಕೊಡಬಾರದು, ನೀರಿನ ಬಾಟಲಿ ಎಲ್ಲಿ ತುಂಬಿಸಿಕೊಳ್ಳಬೇಕು, ಎಲ್ಲ ಹೇಳಿದ್ದೇನೆ. ಎನ್.ಆರ್. ಕಾಲೋನಿಯ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವವರು ನನ್ನನ್ನು ತಡೆದು ನಿಲ್ಲಿಸಿ ಬ್ಯಾಂಕಾಕಿನ ಟಿಕೆಟ್ಟಿನ ಸಲಹೆ ಕೇಳುತ್ತಾರೆ. ಇಂಥವನ ಅಕ್ಕ ಫುಲ್ ರೇಟಿನ ಟಿಕೆಟ್ಟಿನಲ್ಲಿ ಹೋಗುವುದೇ?

ವಾಪಸು ಹೋಗುವಾಗ ನಾನೂ ಜೊತೆಗೆ ಬರುತ್ತೇನೆ ಎಂದೆ. ಊರು ನೋಡಿದ ಹಾಗಾಗುತ್ತದೆ, ಭಾವನ ಮನೆಯಲ್ಲಿ ಊಟ ವಸತಿ ಪುಕ್ಕಟೆ. ಪ್ರಯಾಣವನ್ನು ಎರಡು ತುಂಡು ಮಾಡಿದೆ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ಒಂದು ಕಂಪನಿಯ ಟಿಕೆಟ್ಟು, ಅಲ್ಲಿಂದ ವಿಯೆಟ್ನಾಮಿಗೆ ಇನ್ನೊಂದು ಕಂಪನಿಯದ್ದು. ಉಳಿದ ದುಡ್ಡನ್ನು ನೋಡಿ ನನಗೆ ನಾನೇ ಶಭಾಷ್ ಹೇಳಿಕೊಂಡೆ. ಅಷ್ಟೆಲ್ಲ ತೊಂದರೆ ಯಾಕಪ್ಪ, ನೇರವಾಗಿ ಬಂದುಬಿಡಿ ಎಂದು ಭಾವ ಫೋನಿನಲ್ಲಿ ಹೇಳಿದರು. ನನಗೆ ಬಿಡಿ ಭಾವ ಎಂದೆ.

ಮೊದಲ ವಿಮಾನದಲ್ಲಿ ಮೂವತ್ತು ಕಿಲೋ ಲಗೇಜಿಗೆ ಅವಕಾಶವಿತ್ತು. ಎರಡನೆಯದರಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಕೊಂಡೆ. ಹೇಗೂ ಪೆಟ್ಟಿಗೆ ಇಲ್ಲಿ ಕೊಟ್ಟರೆ ವಿಯೆಟ್ನಾಮಿನಲ್ಲೇ ಸಿಗುತ್ತದಲ್ಲ, ಎರಡೆರಡು ಸಲ ಯಾಕೆ ದುಡ್ಡು ಕೊಡಬೇಕು ಎಂಬುದು ನನ್ನ ಲೆಕ್ಕಾಚಾರ. ಈ ಲೆಕ್ಕಾಚಾರ ತಪ್ಪು ಎಂದು ನಿಮಗೆ ಈಗಾಗಲೇ ಗೊತ್ತಿರಬಹುದು. ನನಗೆ ಗೊತ್ತಿರಲಿಲ್ಲ.

ಹೊರಡುವ ದಿನ ನನ್ನ ಹೆಂಡತಿ ಶೋಭಾ ಅಕ್ಕನಿಗೆ ಮಡಿಲು ತುಂಬಿದಳು.

ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಹೊರಡುವಾಗ ಬರಿ ಮಡಿಲಲ್ಲಿ ಕಳಿಸುವುದಿಲ್ಲ. ದೇವರ ಮುಂದೆ ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ ಗಿಟಕು, ಅಚ್ಚು ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು ಹಾಕುತ್ತಾರೆ. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲು ದಾಟುತ್ತಾಳೆ. ಆಮೇಲೆ ರವಿಕೆ ಕಣದಲ್ಲಿ ಗಂಟು ಕಟ್ಟಿಕೊಂಡು ತನ್ನ ಮನೆಗೆ ಒಯ್ದು ಅಡುಗೆ ಮಾಡಬೇಕು. ಆ ಅಕ್ಕಿಯನ್ನು ದಾರಿಯಲ್ಲಿ ಯಾರಿಗೂ ಕೊಡುವಂತಿಲ್ಲ. ಬಿಸಾಡುವ ಮಾತಂತೂ ಇಲ್ಲವೇ ಇಲ್ಲ.

ಶೋಭಾಳ ಕೈ ದೊಡ್ಡದು. ತಾನು ಪಾಠ ಹೇಳುವ ಶಾಲೆಗೆ ಅರ್ಧ ದಿನ ರಜೆ ಹಾಕಿ ಕೂತು, ಬೊಗಸೆ ಬೊಗಸೆ ಅಕ್ಕಿ ಸುರಿದಳು. ಅಕ್ಕ ಸಾಕು ಸಾಕು ಎನ್ನುತ್ತಾ ಸೆರಗನ್ನು ಇನ್ನಷ್ಟು ಅಗಲ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕ್ಯಾಬ್ ಬಂತು ಎಂದು ಅವಸರ ಮಾಡುತ್ತಿದ್ದೆ.

ಪೆಟ್ಟಿಗೆಯಲ್ಲಿ ಚಪ್ಪಲಿಗಳಿವೆ ಎಂದು ಅಕ್ಕ ಗಂಟನ್ನು ಕೈಚೀಲದಲ್ಲಿ ಇಟ್ಟುಕೊಂಡಳು. ಬೆಂಗಳೂರಿನ ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಚ್ಚಿಸಿದರು. ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿಗೆ ಬೇಗ ಸಿಗುತ್ತದೆ, ವಿಮಾನಕ್ಕೆ ಬಿಡುವುದಿಲ್ಲವಂತೆ. ಗಿಟಕು ಅಲ್ಲೇ ಉಳಿಯಿತು. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ರೂಲ್ಸು ರೂಲ್ಸೇ ಅಲ್ವಾ ಎಂದು ಅಕ್ಕಿಯನ್ನು ಮತ್ತೆ ಗಂಟು ಕಟ್ಟಿದಳು. ಈ ಕಾಲದಲ್ಲೂ ಇದೆಲ್ಲ ಬೇಕಾ ಎಂದು ನಾನು ಒಂದು ಉಪನ್ಯಾಸ ಕೊಟ್ಟೆ.

ಅದಕ್ಕೂ ಮೊದಲು ಪೆಟ್ಟಿಗೆ ಕೊಡುವಾಗ ಕೌಂಟರಿನ ಹುಡುಗಿ, ಇದು ಕೌಲಾಲಂಪುರದ ತನಕ ಮಾತ್ರ ಬರುತ್ತೆ ಸರ್, ಅಲ್ಲಿ ತಗೊಂಡು ಮತ್ತೆ ಚೆಕ್‌ಇನ್ ಮಾಡ್ಬೇಕು ಎಂದಿದ್ದಳು. ನಾನು ಎಲ್ಲ ಗೊತ್ತಿರುವವನ ಹಾಗೆ ತಲೆಯಾಡಿಸಿದೆ. ಹಾಗಂದರೆ ಏನಮ್ಮ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಪಾರ್ಕಿನಲ್ಲಿ ಸಲಹೆ ಕೊಡುವವನು ಕೌಂಟರಿನಲ್ಲಿ ಸಲಹೆ ಕೇಳುವುದೇ? ಆಮೇಲೆ ಇನ್ನೇನಾದರೂ ದಾರಿ ಇರುತ್ತದೆ ಎಂದುಕೊಂಡೆ.

ದಾರಿ ಇರಲಿಲ್ಲ.

ಕೌಲಾಲಂಪುರದಲ್ಲಿ ಇಳಿದು, ಟ್ರಾನ್ಸ್‌ಫರ್ ಎಂಬ ಬೋರ್ಡಿನ ಜಾಡು ಹಿಡಿದು ಠೀವಿಯಿಂದ ನಡೆದೆ. ಅಕ್ಕ ಹಿಂದೆ. ಅಲ್ಲಿನ ಡೆಸ್ಕಿನವರು ನಮ್ಮ ಟಿಕೆಟ್ಟು ನೋಡಿ, ಇವು ಎರಡೂ ಬೇರೆ ಬೇರೆ, ನೀವು ಇಮಿಗ್ರೇಷನ್ ಮುಗಿಸಿ ದೇಶದೊಳಗೆ ಹೋಗಿ, ಲಗೇಜ್ ತಗೊಂಡು, ಮೇಲಿನ ಅಂತಸ್ತಿಗೆ ಬಂದು ಹೊಸದಾಗಿ ಚೆಕ್‌ಇನ್ ಮಾಡಬೇಕು ಎಂದರು. ಅಂದರೆ ಮಲೇಷ್ಯಾಕ್ಕೆ ಬಂದ ಪ್ರವಾಸಿಗಳ ಹಾಗೆ ಬಂದು, ಮಲೇಷ್ಯಾ ಬಿಡುವ ಪ್ರವಾಸಿಗಳ ಹಾಗೆ ಹೋಗಬೇಕು. ನಡುವೆ ಮಲೇಷ್ಯಾ ಮಾತ್ರ ನೋಡುವ ಹಾಗಿಲ್ಲ.

ಇಮಿಗ್ರೇಷನ್ ಸಾಲಿನಲ್ಲಿ ನಿಂತು ನಿಂತು ಕೊನೆಗೆ ಅಧಿಕಾರಿಯ ಮುಂದೆ ಹೋದರೆ, ಆನ್‌ಲೈನ್ ಅರೈವಲ್ ಕಾರ್ಡು ಎಲ್ಲಿ ಎಂದರು. ಅದನ್ನು ಊರಲ್ಲೇ ತುಂಬಿ ಬರಬೇಕಿತ್ತು. ನಾವು ಒಳಗೇ ಬರುವುದಿಲ್ಲ ಎಂದುಕೊಂಡವನು ಯಾಕೆ ತುಂಬಲಿ? ಪಕ್ಕಕ್ಕೆ ಕಳಿಸಿದರು. ಗೋಡೆಗೆ ಒರಗಿ ಮೊಬೈಲಿನಲ್ಲಿ ತುಂಬತೊಡಗಿದೆ. ನಮ್ಮ ದೇಶದಲ್ಲಿ ಎಲ್ಲಿ ತಂಗುತ್ತೀರಿ ಎಂಬ ಕಾಲಂ ಬಂತು. ಏನು ಬರೆಯುವುದು? ವೈಫೈ ಎರಡು ಸಲ ಕೈಕೊಟ್ಟಿತು. ಅಕ್ಕ ಪಕ್ಕದಲ್ಲಿ ನಿಂತು, ನಿಧಾನ ಮಾಡು ಮಂಜ, ಟೈಮಿದೆ ಎನ್ನುತ್ತಿದ್ದಳು. ಟೈಮಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮತ್ತೆ ಸಾಲು. ಮುದ್ರೆ. ಬೆಲ್ಟಿನ ಹತ್ತಿರ ಓಡಿದರೆ ನಮ್ಮ ವಿಮಾನದವರೆಲ್ಲ ಹೋಗಿ, ನಮ್ಮ ಪೆಟ್ಟಿಗೆ ಒಂದೇ ಸುತ್ತು ಹಾಕುತ್ತಿತ್ತು. ಅದನ್ನು ಎಳೆದುಕೊಂಡು ಮೇಲೆ ಹೋಗುವ ಹೊತ್ತಿಗೆ ಎರಡನೇ ವಿಮಾನದ ಕೌಂಟರು ಮುಚ್ಚುವ ಸಮಯ ಹತ್ತಿರವಾಗಿತ್ತು.

ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟೆ. ಕೌಂಟರಿನಾಕೆ ಆಗುವುದಿಲ್ಲ ಎಂದು ತಲೆಯಾಡಿಸಿದಳು. ಹೆಚ್ಚುವರಿ ತೂಕಕ್ಕೆ ಅಲ್ಲೇ ದುಡ್ಡು ಕಟ್ಟಬಹುದಿತ್ತು. ಆದರೆ ಅದನ್ನು ಕಟ್ಟಿದರೆ ನಾನು ಉಳಿಸಿದ್ದೆಲ್ಲ ಹೋಗಿ, ನೇರ ವಿಮಾನಕ್ಕಿಂತ ದುಬಾರಿಯಾಗುತ್ತಿತ್ತು. ಭಾವ ಕೇಳಿದರೆ ಏನು ಹೇಳಲಿ? ಕಾರ್ಡು ಜೇಬಿನಲ್ಲೇ ಇತ್ತು. ಜೇಬಿಗೆ ಕೈ ಹಾಕಲಿಲ್ಲ.

ಪೆಟ್ಟಿಗೆಯನ್ನು ನೆಲದ ಮೇಲೆ ಹರವಿದೆ. ಅಕ್ಕನ ರಾಗಿ ಹಿಟ್ಟು, ಹುರಿಗಾಳು, ಸಾರಿನ ಪುಡಿ, ಹುಣಸೆಹಣ್ಣು ಹೊರಗೆ ಬಂದವು. ಅಲ್ಲೇ ನೆಲ ಒರೆಸುತ್ತಿದ್ದ ತಮಿಳು ಹೆಂಗಸನ್ನು ಅಕ್ಕ ಕರೆದು, ತನ್ನ ಚಾಮರಾಜಪೇಟೆ ತಮಿಳಿನಲ್ಲಿ ಮಾತಾಡಿಸಿ, ಎಲ್ಲವನ್ನೂ ಅವಳ ಚೀಲಕ್ಕೆ ತುಂಬಿಸಿದಳು. ಗಟ್ಟಿ ಗಂಟಲು. ಇಡೀ ಸಾಲು ನಮ್ಮನ್ನೇ ನೋಡುತ್ತಿತ್ತು. ನನ್ನ ಬನಿಯನನ್ನು ಅಕ್ಕ ಎತ್ತಿ ಹಿಡಿದು ಇದು ಬೇಕಾ ಎಂದು ಕೇಳಿದಾಗಲಂತೂ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಗುತ್ತಿದ್ದದ್ದು ಅಕ್ಕನ ಬಗ್ಗೆ. ಇದನ್ನು ಬರೆಯುವುದು ಕಷ್ಟ. ಆದರೆ ನಿಜ.

ಪೆಟ್ಟಿಗೆ ಸರಿಹೋಯಿತು. ಆಗ ಕೌಂಟರಿನಾಕೆ ಕೈಚೀಲಗಳನ್ನೂ ಇಡಿ ಎಂದಳು. ಅವೂ ಭಾರ. ನನ್ನ ಚೀಲದಲ್ಲಿ ಇದ್ದದ್ದು ಪುಸ್ತಕಗಳು. ನಿಮ್ಮೆದುರು ಮುಚ್ಚಿಡುವುದೇನು, ನನ್ನವೇ. ಈ ಅಂಕಣಗಳ ಸಂಕಲನದ ಒಂದು ಕಟ್ಟು ಪ್ರತಿಗಳು. ಅಲ್ಲಿನ ಕನ್ನಡದವರಿಗೆ ಸಹಿ ಹಾಕಿ ಕೊಡೋಣ ಎಂದು ಹೊತ್ತುಕೊಂಡಿದ್ದೆ. ಅಕ್ಕನ ಚೀಲದಲ್ಲಿ ಔಷಧಿ, ಒಂದು ಶಾಲು, ಮಡಿಲಕ್ಕಿ. ಒಂದೋ ಪುಸ್ತಕ ಹೋಗಬೇಕು, ಇಲ್ಲವೇ ಅಕ್ಕಿ.

ನಾನು ಎಷ್ಟು ಹೊತ್ತು ಯೋಚಿಸಿದೆ ಗೊತ್ತೇ? ಯೋಚಿಸಲೇ ಇಲ್ಲ. ಅಕ್ಕನ ಚೀಲಕ್ಕೆ ಕೈ ಹಾಕಿ ಗಂಟು ಎತ್ತಿದೆ. ಅನ್ನ ಉಣ್ಣುವ ದೇಶಕ್ಕೆ ಅಕ್ಕಿ ಹೊತ್ಕೊಂಡು ಹೋಗ್ತಿದೀಯಲ್ಲ ಅಕ್ಕ, ಅಲ್ಲಿ ಮೂಟೆಗಟ್ಟಲೆ ಸಿಗುತ್ತೆ, ಇದನ್ನೂ ಆ ಹೆಂಗಸಿಗೇ ಕೊಟ್ಬಿಡು ಎಂದೆ.

"ಇದು ಕೊಡೋ ಅಕ್ಕಿ ಅಲ್ಲ ಮಂಜ" ಎಂದಳು ಅಕ್ಕ. ಗಂಟಲು ತಗ್ಗಿತ್ತು.

ಹಾಗಾದರೆ ಡಬ್ಬಿಗೆ ಹಾಕು, ಕೌಂಟರು ಮುಚ್ತಾರೆ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಪುಸ್ತಕದ ಕಟ್ಟಿನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನನಗೂ ಹೊಳೆಯುತ್ತಿತ್ತೋ ಏನೋ.

"ನಾನು ಹಾಕಲ್ಲ ಕಣೋ. ಕೊಟ್ಟಿದ್ದು ನೀವು. ನೀನೇ ಹಾಕು" ಎಂದು ತಿರುಗಿ ನಿಂತಳು.

ಹಾಕಿದೆ. ಡಬ್ಬಿಯ ಬಾಯಿ ಚಿಕ್ಕದಿತ್ತು. ಗಂಟು ಒಂದೇ ಸಲಕ್ಕೆ ಒಳಗೆ ಹೋಗಲಿಲ್ಲ. ಅಂಗೈಯಿಂದ ಒತ್ತಿ ತಳ್ಳಬೇಕಾಯಿತು. ಶೋಭಾ ಆರಿಸಿ ತಂದಿದ್ದ ಹಸಿರು ರವಿಕೆ ಕಣ, ಒಳಗೆ ಬೆಲ್ಲದ ಅಚ್ಚು ಗಟ್ಟಿಯಾಗಿ ಕೈಗೆ ತಗುಲಿತು. ವಿಮಾನ ಸಿಕ್ಕಿತು. ದಾರಿಯುದ್ದಕ್ಕೂ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಸುಸ್ತಾಗಿರಬೇಕು ಎಂದುಕೊಂಡು ನಾನು ನಿದ್ದೆ ಹೊಡೆದೆ.

ಇಷ್ಟೇ ಆಗಿದ್ದರೆ, ಅಗ್ಗದ ವಿಮಾನದ ಅವಾಂತರ ಎಂದು ಒಂದು ತಮಾಷೆಯ ಬರಹ ಮಾಡಿ ನಿಮ್ಮನ್ನು ನಗಿಸಿ ಕೈತೊಳೆದುಕೊಳ್ಳುತ್ತಿದ್ದೆ. ಸುಳ್ಳೇಕೆ, ವಿಮಾನದಲ್ಲಿ ಕೂತೇ ಅದರ ಮೊದಲ ಸಾಲನ್ನು ಯೋಚಿಸಿಟ್ಟಿದ್ದೆ.

ಮರುದಿನ ಬೆಳಗ್ಗೆ ಅಕ್ಕನ ಮನೆಗೆ ಪುಷ್ಪ ಬಂದಳು. ರಾಮನಗರದ ಕಡೆಯ ಹೆಣ್ಣುಮಗಳು, ಗಂಡ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಣ್ಣಂದಿರ ಜೊತೆ ಏನೋ ಮನಸ್ತಾಪವಾಗಿ ತವರಿನ ಬಾಗಿಲು ಮುಚ್ಚಿ ವರ್ಷಗಳೇ ಆಗಿವೆಯಂತೆ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಬಂದವಳೇ ಕೇಳಿದ್ದು, ಅಕ್ಕ, ಪಾಯಸ ಎಷ್ಟೊತ್ತಿಗೆ ಎಂದು.

ಆಗ ನನಗೆ ವಿಷಯ ಗೊತ್ತಾಯಿತು. ಅಕ್ಕ ಪ್ರತಿವರ್ಷ ತವರಿನಿಂದ ವಾಪಸು ಹೋದ ಮರುದಿನ ಮಡಿಲಕ್ಕಿಯಲ್ಲಿ ಪಾಯಸ ಮಾಡುತ್ತಾಳೆ. ಆ ಊರಿನ ಕನ್ನಡದ ಹೆಂಗಸರೆಲ್ಲ ಬರುತ್ತಾರೆ. ಅವರಲ್ಲಿ ವರ್ಷಾ ವರ್ಷ ತವರಿಗೆ ಹೋಗಿ ಬರುವವಳು ಅಕ್ಕ ಒಬ್ಬಳೇ. ಅವಳು ತಂದ ಅಕ್ಕಿ ಎಂದರೆ ಎಲ್ಲರಿಗೂ ತವರಿನ ಅಕ್ಕಿಯೇ. ಗಂಟು ಅಷ್ಟು ದೊಡ್ಡದಾಗಲಿ ಎಂದು ಅಕ್ಕ ಸೆರಗು ಅಗಲ ಮಾಡುತ್ತಿದ್ದದ್ದು ಯಾರಿಗಾಗಿ ಎಂದು ಆಗ ಅರ್ಥವಾಯಿತು.

ನನ್ನ ಪುಸ್ತಕಕ್ಕೆ ಯಾರಾದರೂ ಕಾಯುತ್ತಿದ್ದರೇ? ಒಬ್ಬರೂ ಇಲ್ಲ.

ಭಾವ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಅವರ ಎದುರಿಗೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಹೇಳಿಬಿಡುತ್ತಾಳೆ ಎಂದುಕೊಂಡೆ.

"ಮರ್ತು ಬಂದ್ಬಿಟ್ಟೆ ಕಣೆ ಪುಷ್ಪ" ಎಂದಳು ಅಕ್ಕ. "ದೇವ್ರ ಮುಂದೇನೇ ಉಳಿದೋಯ್ತು."

ಪುಷ್ಪಳ ಮುಖ ಸಣ್ಣಗಾಯಿತು. ಅಯ್ಯೋ ಬಿಡಕ್ಕ ಎಂದಳು. ಭಾವ ಲೋಟ ಕೆಳಗಿಟ್ಟು, ಮಡಿಲಕ್ಕಿ ಮರೆತು ಬರ್ತಾರೇನೇ ಯಾರಾದ್ರೂ, ತವರಿಗೆ ಒಳ್ಳೇದಲ್ಲ ಅಂತಾರೆ, ಅಷ್ಟೂ ಗ್ಯಾನ ಬೇಡ್ವಾ ಎಂದು ಅಕ್ಕನನ್ನು ಆ ಹೆಂಗಸಿನ ಮುಂದೆಯೇ ಗದರಿದರು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಇಡೀ ಬಳಗವನ್ನು ಒಂದು ಸುತ್ತು ಬೈಯುವ ನನ್ನಕ್ಕ.

ಆಮೇಲೆ ಭಾವ ನನ್ನ ಕಡೆ ತಿರುಗಿದರು. ನೀನಾದ್ರೂ ನೆನಪು ಮಾಡಬಾರದಾಗಿತ್ತಾ ಮಂಜ ಎಂದರು.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಬಾಗಿಲು ತಾನಾಗಿಯೇ ತೆರೆದಿತ್ತು. ನಾನು ಹೇಳಿದ್ದು ಏನು ಗೊತ್ತೇ?

"ನಾನೂ ನೋಡ್ಲಿಲ್ಲ ಭಾವ."

ಈ ಮೂರು ಪದ ಬಾಯಿಂದ ಹೊರಬಿದ್ದಾಗ ಆದ ಅಸಹ್ಯ ಡಬ್ಬಿಗೆ ಅಕ್ಕಿ ಹಾಕಿದಾಗ ಆಗಿರಲಿಲ್ಲ. ಅಕ್ಕಿ ಹಾಕಿದ್ದು ಗಡಿಬಿಡಿಯಲ್ಲಿ, ದಡ್ಡತನದಲ್ಲಿ. ಈ ಮಾತು ಆಡಿದ್ದು ಎಲ್ಲ ಗೊತ್ತಿದ್ದೂ, ಆರಾಮಾಗಿ ಕೂತು, ಕಾಫಿ ಕುಡಿಯುತ್ತಾ. ಅಕ್ಕ ಒಳಗೆ ಹೋದಳು.

ಅಂದು ಅಕ್ಕ ಅಲ್ಲಿನ ಅಂಗಡಿಯ ಅಕ್ಕಿಯಲ್ಲೇ ಪಾಯಸ ಮಾಡಿದಳು. ಹೆಂಗಸರು ಬಂದರು. ಚೆನ್ನಾಗಿದೆ ಅಕ್ಕ ಎಂದರು, ಹೋಟೆಲಿನ ಪಾಯಸಕ್ಕೆ ಹೇಳುವ ಹಾಗೆ. ಮರೆವು ಶುರುವಾಯ್ತೇನೋ ಅಕ್ಕಂಗೆ ಎಂದು ಒಬ್ಬಳು ನಕ್ಕಳು. ಪುಷ್ಪ ಡಬ್ಬಿಯನ್ನು ತುಂಬಿಸಿಕೊಳ್ಳದೆ ವಾಪಸು ತಗೊಂಡು ಹೋದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಮುಖ ತಟ್ಟೆಯ ಕಡೆ ಇಟ್ಟುಕೊಳ್ಳಲು ಅದೊಂದೇ ಉಪಾಯವಿತ್ತು.

ಎಲ್ಲರೂ ಹೋದ ಮೇಲೆ ಅಕ್ಕ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ. ಯಾಕಕ್ಕ ಹಾಗಂದೆ ಎಂದು ಕೇಳಿದೆ. ಅವಳು ಪಾತ್ರೆಯಿಂದ ಕಣ್ಣೆತ್ತಲಿಲ್ಲ.

"ಇನ್ನೇನ್ ಹೇಳ್ಲಿ? ಕೊಡ್ಲಿಲ್ಲ ಅಂದ್ರೆ ಶೋಭಾಗೆ ಕೆಟ್ಟೆಸರು. ತಮ್ಮ ಬಿಸಾಕ್ದ ಅಂದ್ರೆ ನಿಂಗೆ ಕೆಟ್ಟೆಸರು. ಮರ್ತೆ ಅಂದ್ರೆ ನಂಗೊಬ್ಬಳಿಗೇ ತಾನೆ."

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ತರಕಾರಿ ಚೀಟಿ ಓದುವಷ್ಟು ಸಲೀಸಾಗಿ ಹೇಳಿದಳು. ಯಾವುದು ಹೇಳಿದರೆ ಯಾರಿಗೆ ನೋವು ಎಂದು ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡೇ ತೂಗಿ ನೋಡಿರಬೇಕು. ಪಕ್ಕದ ಸೀಟಿನಲ್ಲಿ ನಾನು ತಮಾಷೆಯ ಬರಹ ಯೋಚಿಸುತ್ತಿದ್ದೆ. ಕ್ಷಮಿಸು ಅಕ್ಕ ಎನ್ನಲು ಬಾಯಿ ಬರಲಿಲ್ಲ. ನಮ್ಮ ಮನೆಗಳಲ್ಲಿ ಒಡಹುಟ್ಟಿದವರ ಹತ್ತಿರ ಆ ಪದ ಆಡುವ ರೂಢಿಯೇ ಇಲ್ಲವಲ್ಲ. ಒರೆಸುವ ಬಟ್ಟೆ ತಗೊಂಡು ಪಾತ್ರೆ ಒರೆಸಿದೆ.

ಉಳಿದ ದಿನಗಳಲ್ಲಿ ಭಾವ ಊರು ತೋರಿಸಿದರು. ಜಲಪಾತ ನೋಡಿದೆ, ಕಾಫಿ ತೋಟ ನೋಡಿದೆ. ಏನು ನೋಡಿದೆನೋ ನೆನಪಿಲ್ಲ. ಪುಸ್ತಕದ ಕಟ್ಟನ್ನು ಬಿಚ್ಚಲೇ ಇಲ್ಲ. ವಾಪಸು ಬರುವಾಗ ನೇರ ವಿಮಾನದಲ್ಲಿ ಬಂದೆ, ಕೇಳಿದಷ್ಟು ದುಡ್ಡು ಕೊಟ್ಟು.

(ಪಾರ್ಕಿನ ಗೆಳೆಯರಿಗೆ ಒಂದು ಮಾತು. ಬೇರೆ ಬೇರೆ ಕಂಪನಿಯ ಟಿಕೆಟ್ಟು ಕೊಂಡರೆ ಪೆಟ್ಟಿಗೆ ನಡುವಿನ ಊರಿನಲ್ಲಿ ಇಳಿಯುತ್ತದೆ. ನೀವೂ ಇಳಿಯಬೇಕು. ಆ ದೇಶದ ಕಾಗದಪತ್ರ ಮೊದಲೇ ಮಾಡಿಸಿಕೊಳ್ಳಿ, ಎರಡೂ ಕಡೆಯ ತೂಕ ನೋಡಿಕೊಳ್ಳಿ, ಧಾರಾಳವಾಗಿ ಸಮಯ ಇಟ್ಟುಕೊಳ್ಳಿ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಬರೆಯಲು ನನಗೂ ಗೊತ್ತಿರಲಿಲ್ಲ.)

ಮನೆಗೆ ಬಂದ ದಿನ ಶೋಭಾ ಕೇಳಿದ ಮೊದಲ ಪ್ರಶ್ನೆ, ಮಡಿಲಕ್ಕಿಯಲ್ಲಿ ಪಾಯಸ ಮಾಡಿದ್ರಾ ಎಂದು. ಅವಳಿಗೆ ಆ ಹೆಂಗಸರ ವಿಷಯ ಮೊದಲಿನಿಂದಲೂ ಗೊತ್ತಿತ್ತಂತೆ. ಅಕ್ಕ ಹೇಳಿದ್ದಳಂತೆ. ಅದಕ್ಕೇ ಅಷ್ಟು ಧಾರಾಳವಾಗಿ ಸುರಿದದ್ದು. ನನಗೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ನಾನು ಯಾವತ್ತೂ ಕೇಳಿರಲಿಲ್ಲ. ಅವಳ ಹತ್ತಿರ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ.

"ನಿಮ್ಮ ಕೈಯಾರೆ ಹಾಕಿದ್ರಾ?" ಎಂದು ಕೇಳಿದಳು. ಹೂಂ ಎಂದೆ. ಎದ್ದು ಹೋಗಿ ಒಗೆದ ಬಟ್ಟೆ ಮಡಚತೊಡಗಿದಳು. ಆಮೇಲೆ ಆ ವಿಷಯ ಎತ್ತಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೊನ್ನೆ ಅಕ್ಕನಿಗೆ ಫೋನ್ ಮಾಡಿದೆ. ಇದನ್ನೆಲ್ಲ ಬರೆಯುತ್ತೇನೆ ಎಂದೆ. ಭಾವ ಪ್ರತಿವಾರ ಮೊಬೈಲಿನಲ್ಲಿ ಈ ಅಂಕಣ ಓದುತ್ತಾರೆ, ಪುಷ್ಪಳಿಗೂ ಕಳಿಸುತ್ತಾರೆ. ಅವರೆದುರು ಬಾಯಿಬಿಟ್ಟು ಹೇಳಲಾಗದ್ದು ಹೀಗಾದರೂ ಗೊತ್ತಾಗಲಿ, ನಿನ್ನ ತಲೆ ಮೇಲಿನ ಮಾತು ಇಳಿಯಲಿ ಎಂದೆ. ಅಕ್ಕನ ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು.

"ಬರಿ, ಅದು ನಿನ್ನ ಕೆಲಸ" ಎಂದಳು. "ಆದ್ರೆ ಮರ್ತಿದ್ದು ನಾನೇ ಅಂತ ಬರಿ. ಯಾಕೆ ಸುಮ್ನೆ ನಿನ್ನ ಮನೆ ಹೆಸರು ಹಾಳಾಗ್ಬೇಕು?"

ಅಕ್ಕ ಹುಟ್ಟಿದ್ದೂ ಇದೇ ಮನೆಯಲ್ಲಿ. ಇದು ನನ್ನೊಬ್ಬನ ಮನೆ ಆಗಿದ್ದು ಯಾವಾಗಿನಿಂದ?